ಸಾಲದ ದೊರೆ ನಾಲ್ಕನೇ ಜಾರ್ಜ್: ಬರೀ ದುಂದುಗಾರನೋ, ಲಂಡನ್ನಿನ ಚಹರೆ ಬದಲಿಸಿದವನೋ?

ಸಸೆಕ್ಸ್_ಸೋಮು
ಎಲ್ಲರಿಗೂ ನಮಸ್ಕಾರ. ಊರಿಂದ ಬಂದಿದ್ದ ಅತ್ತೆ ಮಾವನನ್ನು ಕಳೆದ ಭಾನುವಾರ ಬ್ರೈಟನ್‌ಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ರಾಯಲ್ ಪೆವಿಲಿಯನ್ ಅರಮನೆಯ ಗುಮ್ಮಟಗಳು ಕಂಡ ತಕ್ಷಣ ಮಾವ, "ಇದ್ಯಾವ ನವಾಬನದಪ್ಪಾ?" ಅಂದರು. ನವಾಬನದಲ್ಲ ಮಾವ, ಇಂಗ್ಲೆಂಡಿನ ರಾಜ ನಾಲ್ಕನೇ ಜಾರ್ಜ್‌ನದು, ಅವನು ಇಂಡಿಯಾ ಕಡೆ ತಲೆ ಹಾಕಿಯೂ ಮಲಗಿದವನಲ್ಲ ಅಂದೆ. ಅವರು ನಂಬಲಿಲ್ಲ. ಒಳಗೆ ಹೋದರೆ ಹೊರಗಿನದಕ್ಕೂ ಒಳಗಿನದಕ್ಕೂ ಸಂಬಂಧವೇ ಇಲ್ಲ. ಹೊರಗೆ ಹಿಂದೂಸ್ತಾನ, ಒಳಗೆ ಚೀನಾ. ಊಟದ ಕೋಣೆಯ ಮೇಲೆ ಬೆಳ್ಳಿ ಬಣ್ಣದ ಡ್ರ್ಯಾಗನ್ ಒಂದು ಟನ್ ತೂಕದ ದೀಪದ ಗೊಂಚಲನ್ನು ಕಾಲುಗುರಲ್ಲಿ ಹಿಡಿದು ನೇತಾಡುತ್ತಿದೆ. ಅದರ ಕೆಳಗೆ ನಿಲ್ಲಲು ಅತ್ತೆ ಒಪ್ಪಲೇ ಇಲ್ಲ.

ಮನೆಗೆ ಬಂದ ಮೇಲೆ ಈ ಮನುಷ್ಯನ ಬಗ್ಗೆ ಓದುತ್ತಾ ಕೂತೆ. 1762ರಲ್ಲಿ ಹುಟ್ಟಿದ, 1811ರಲ್ಲಿ ಅಪ್ಪನ ಪರವಾಗಿ ಆಳುವ ರೀಜೆಂಟ್ ಆದ, 1820ರಲ್ಲಿ ರಾಜನಾದ, 1830ರಲ್ಲಿ ಸತ್ತ. ಈ ನಡುವೆ ಸಾಲ ಮಾಡಿದ್ದೇ ಮಾಡಿದ್ದು. ನನ್ನ ಪ್ರಶ್ನೆ: ಇಂಥವನನ್ನು ಬರೀ ಕೋಡಂಗಿ ಅಂತ ತಳ್ಳಿಹಾಕಬೇಕಾ? ಇವತ್ತು ಲಂಡನ್ನಿಗೆ ಬರುವ ಪ್ರವಾಸಿ ಕ್ಯಾಮೆರಾ ಎತ್ತುವ ಅರ್ಧ ಜಾಗಗಳಲ್ಲಿ ಇವನ ಕೈ ಇದೆಯಲ್ಲ?

ಕುಡ್ಲದ_ಹೈದ
ಇವನೇ ಅಲ್ವಾ ಮಾರಾಯ್ರೆ, ಅಮೆರಿಕ ಕಳಕೊಂಡ ಹುಚ್ಚು ರಾಜ?

ಹಳೇಪುಸ್ತಕ
ಅಲ್ಲ. ಅದು ಇವನ ಅಪ್ಪ, ಮೂರನೇ ಜಾರ್ಜ್. ಅಪ್ಪ ಮಿತವ್ಯಯಿ, ಹೊಲ ಗದ್ದೆ ಅಂದರೆ ಪ್ರಾಣ, ಜನ 'ರೈತ ಜಾರ್ಜ್' ಅಂತಲೇ ಕರೆಯುತ್ತಿದ್ದರು. ಹೆಂಡತಿಯೊಬ್ಬಳನ್ನು ಬಿಟ್ಟು ಬೇರೆ ಹೆಣ್ಣನ್ನು ಕಣ್ಣೆತ್ತಿ ನೋಡಿದವನಲ್ಲ. ಅಂಥ ಮನೆಯಲ್ಲಿ ಹುಟ್ಟಿದ ಹಿರಿಮಗ ಹೀಗಾದ. ಕಟ್ಟುನಿಟ್ಟು ಜಾಸ್ತಿಯಾದ ಮನೆಯಲ್ಲಿ ಹೀಗಾಗುವುದುಂಟು, ನಮ್ಮ ಬೀದಿಯಲ್ಲೇ ಎರಡು ಉದಾಹರಣೆ ಇದೆ, ಬಿಡಿ.

ಸಾಲದ ಲೆಕ್ಕ ಸ್ವಲ್ಪ ಹೇಳುತ್ತೇನೆ. 1783ರಲ್ಲಿ 21 ತುಂಬಿತು. ಪಾರ್ಲಿಮೆಂಟು 60,000 ಪೌಂಡು ಇಡಿಗಂಟು ಕೊಟ್ಟಿತು, ಅಪ್ಪ ವರ್ಷಕ್ಕೆ 50,000 ಗೊತ್ತು ಮಾಡಿದ, ಇರಲಿಕ್ಕೆ ಲಂಡನ್ನಿನ ಕಾರ್ಲ್‌ಟನ್ ಹೌಸ್ ಬಿಟ್ಟುಕೊಟ್ಟ. ಇವನ ಕುದುರೆ ಲಾಯದ ಖರ್ಚೊಂದೇ ವರ್ಷಕ್ಕೆ 31,000 ಪೌಂಡು! ಮೂರೇ ವರ್ಷದಲ್ಲಿ ಕೈ ಬರಿದು. ಕುದುರೆ ಮಾರಿ, ಅರಮನೆಗೆ ಬೀಗ ಹಾಕಿ, ಬಾಡಿಗೆ ಗಾಡಿಯಲ್ಲಿ ಬ್ರೈಟನ್‌ಗೆ ಹೋಗಿ ಕೂತ. ಅದೂ ಒಂದು ನಾಟಕವೇ, ನೋಡಿ ನನ್ನ ಗತಿ ಅಂತ. ನಾಟಕ ಫಲಿಸಿತು. 1787ರಲ್ಲಿ ಪಾರ್ಲಿಮೆಂಟು ಸಾಲಕ್ಕೆ 1,61,000, ಕಾರ್ಲ್‌ಟನ್ ಹೌಸ್ ರಿಪೇರಿಗೆ 60,000 ಕೊಟ್ಟಿತು. 1795ಕ್ಕೆ ಸಾಲ ಮತ್ತೆ ಬೆಳೆದು 6,30,000 ಪೌಂಡು ಮುಟ್ಟಿತು.

ರೊಟ್ಟಿಬುತ್ತಿ
ಈ ರೊಕ್ಕದ ಮಾತು ಆಮ್ಯಾಲೆ ಆಗವಲ್ದ್ಯಾಕ, ಮೊದಲ ಮದಿವಿ ಸುದ್ದಿ ಹೇಳ್ರಿ. 1795ರಾಗ ಸಾಲ ತೀರಬೇಕಾದ್ರ ಅಪ್ಪ ತೋರಿಸಿದ ಹುಡುಗಿ ಕೊರಳಿಗೆ ಬೀಳಬೇಕು ಅಂತ ಕರಾರು ಆತು. ಯಾರ ಆ ಹುಡುಗಿ? ಜರ್ಮನಿ ಕಡೆ ಬ್ರನ್ಸ್‌ವಿಕ್‌ನ ಕ್ಯಾರೊಲಿನ್. ಸ್ವಂತ ಸೋದರತ್ತಿ ಮಗಳು! ನಮ್ಮ ಕಡೆ ಆದ್ರ ಹೇಳಿ ಮಾಡಿಸಿದ ಸಂಬಂಧ ಅಂತಿದ್ರು. ಮೊದಲನೇ ಸಲ ಆಕೀನ್ನ ನೋಡಿದ ಕೂಡಲೇ ಇಂವ ಮೂಲಿಗೆ ಹೋಗಿ, ನಂಗ ಆರಾಮಿಲ್ಲ, ಒಂದ್ ಗ್ಲಾಸ್ ಬ್ರಾಂಡಿ ತರ್ರಿ ಅಂದ್ನಂತ. ಆಕಿನೂ ಏನ್ ಕಡಿಮಿ ಇಲ್ಲ. ಚಿತ್ರದಾಗ ಇದ್ದಷ್ಟು ಚಂದ ಇಲ್ಲ, ಭಾಳ ದಪ್ಪ ಅದಾನ ಅಂದ್ಳಂತ. ಅಕ್ಷತಾ ಬೀಳೋ ದಿನ ಕುಡಿದು ತೂರಾಡಿದ. 1796ರಾಗ ಒಂದ್ ಹೆಣ್ಣು ಕೂಸು ಹುಟ್ಟಿತು, ಅಷ್ಟ. ಆಮ್ಯಾಲೆ ಆಕಿ ಹಾದಿ ಆಕಿಗೆ, ಇವನ ಹಾದಿ ಇವಗ.

ಹತ್ತು ವರ್ಷ ಮೊದಲ ಇನ್ನೊಬ್ಬಾಕಿನ್ನ ಗುಟ್ಟಾಗಿ ಮದಿವಿ ಆಗಿದ್ದ ಅಂತ ಓದೀನಿ. ಆಕಿ ಏನಾದ್ಳು? ಅದನ್ನ ಯಾರೂ ಬರಿಯಂಗಿಲ್ಲ.

ಹಳೇಪುಸ್ತಕ
ಮಾರಿಯಾ ಫಿಟ್ಸ್‌ಹರ್ಬರ್ಟ್. ಎರಡು ಸಲ ವಿಧವೆ, ಇವನಿಗಿಂತ ಆರು ವರ್ಷ ದೊಡ್ಡವಳು, ಮೇಲಾಗಿ ಕ್ಯಾಥೊಲಿಕ್. 1785ರ ಡಿಸೆಂಬರ್ 15ರ ಸಂಜೆ ಅವಳ ಮನೆಯಲ್ಲೇ ಬಾಗಿಲು ಹಾಕಿಕೊಂಡು ಮದುವೆ ನಡೆಯಿತು. ಮದುವೆ ಮಾಡಿಸಿದ ಪಾದ್ರಿ ಸಾಲಕ್ಕಾಗಿ ಜೈಲಿನಲ್ಲಿದ್ದವನು. ಅವನ ಸಾಲ ತೀರಿಸಿ ಬಿಡಿಸಿ ತಂದರು. ಸಾಲಗಾರ ವರ, ಸಾಲಗಾರ ಪುರೋಹಿತ! 1772ರ ರಾಜಮನೆತನದ ವಿವಾಹ ಕಾಯ್ದೆ ಪ್ರಕಾರ ಅಪ್ಪನ ಒಪ್ಪಿಗೆ ಇಲ್ಲದ ಮದುವೆ ಮದುವೆಯೇ ಅಲ್ಲ. ಕಾನೂನುಬದ್ಧ ಆಗಿದ್ದರೆ ಇನ್ನೂ ಅಪಾಯ, ಕ್ಯಾಥೊಲಿಕ್ ಹೆಂಡತಿಯ ಗಂಡ ಸಿಂಹಾಸನ ಏರುವ ಹಾಗಿರಲಿಲ್ಲ. ಹಾಗಾಗಿ 1787ರಲ್ಲಿ ಸಾಲದ ಚರ್ಚೆ ಬಂದಾಗ ಗೆಳೆಯ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಅಂಥ ಮದುವೆ ಆಗಿಯೇ ಇಲ್ಲ ಅಂದುಬಿಟ್ಟ. ಆ ಮಾತಿನಿಂದ ಇವನಿಗೆ ದುಡ್ಡು ಸಿಕ್ಕಿತು. ಅವಳ ಮಾನ ಹೋಯಿತು.

ಗಾರೆಕೆಲಸ
ಸೋಮು ಅವರ ಮೂಲ ಪ್ರಶ್ನೆಗೆ ಬರೋಣ. ನಾನು ಕಟ್ಟಡ ವಿನ್ಯಾಸದವನು, ಸ್ವಲ್ಪ ಪಕ್ಷಪಾತ ಇದೆ ಅಂತ ಮೊದಲೇ ಒಪ್ಪಿಕೊಳ್ಳುತ್ತೇನೆ. ಜಾನ್ ನ್ಯಾಶ್ ಅನ್ನುವ ವಾಸ್ತುಶಿಲ್ಪಿಗೆ ಇಂಥ ಯಜಮಾನ ಸಿಕ್ಕದಿದ್ದರೆ ರೀಜೆಂಟ್ ಸ್ಟ್ರೀಟ್ ಇಲ್ಲ, ರೀಜೆಂಟ್ಸ್ ಪಾರ್ಕ್ ಇಲ್ಲ, ಬಕಿಂಗ್‌ಹ್ಯಾಮ್ ಅರಮನೆ ಒಂದು ದೊಡ್ಡ ಮನೆಯಾಗಿಯೇ ಉಳಿದಿರುತ್ತಿತ್ತು. ವಿಂಡ್ಸರ್ ಕೋಟೆಯ ದುಂಡು ಗೋಪುರ ನೋಡಿ 'ಎಂಥ ಪುರಾತನ' ಅಂತ ಫೋಟೊ ಹೊಡೆಯುತ್ತಾರಲ್ಲ, ಅದರ ಎತ್ತರದ ಒಂದು ದೊಡ್ಡ ಪಾಲು ಇವನ ಕಾಲದಲ್ಲಿ ವಾಸ್ತುಶಿಲ್ಪಿ ವ್ಯಾಟ್‌ವಿಲ್ ಏರಿಸಿದ್ದು. ಗೋಪುರ ಗಿಡ್ಡ ಕಾಣುತ್ತದೆ, ಸರಿಯಾದ ಕೋಟೆ ಥರ ಇಲ್ಲ ಅಂತ!

ಆದರೆ ಒಂದು ವ್ಯತ್ಯಾಸ ಗಮನಿಸಿ. ರೀಜೆಂಟ್ ಸ್ಟ್ರೀಟ್ ಬರೀ ಶೋಕಿ ಅಲ್ಲ. 1811ರಲ್ಲಿ ಮ್ಯಾರಿಲೆಬೋನ್ ಪಾರ್ಕಿನ ಗುತ್ತಿಗೆ ಮುಗಿದು ಜಮೀನು ದೊರೆತನಕ್ಕೆ ವಾಪಸ್ ಬಂತು, 1813ರಲ್ಲಿ ಹೊಸ ರಸ್ತೆಗೆ ಕಾಯ್ದೆ ಆಯಿತು, ಅಂಗಡಿ ಮನೆಗಳಿಂದ ಬಾಡಿಗೆ ಬರುವ ಲೆಕ್ಕ ಹಾಕಿಯೇ ಕಟ್ಟಿದ್ದು. ಕಾರ್ಲ್‌ಟನ್ ಹೌಸ್ ಕಥೆ ಬೇರೆ. ನಲವತ್ತು ವರ್ಷ ಅದಕ್ಕೆ ಚಿನ್ನದ ರೇಕು ಬಳಿದು ಬಳಿದು, ಕೊನೆಗೆ ಬೇಜಾರಾಗಿ 1820ರ ದಶಕದಲ್ಲಿ ನೆಲಸಮ ಮಾಡಿಸಿದ. ಅದನ್ನು ಸಮರ್ಥಿಸಲು ನನ್ನ ಕೈಲೂ ಆಗಲ್ಲ.

ಬ್ರೈಟನ್ ಗುಮ್ಮಟಕ್ಕೆ ಮೂಲ ಚಿತ್ರಗಳು. ಚಿತ್ರಕಾರ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಏಳೆಂಟು ವರ್ಷ ನಮ್ಮ ದೇಶ ಸುತ್ತಿ ಗುಡಿ, ಮಸೀದಿ, ಕೋಟೆ ಬರೆದುಕೊಂಡು ಹೋದರು. 1792ರಲ್ಲಿ ಮದರಾಸಿನಿಂದ ಹೊರಟು, ಟಿಪ್ಪುವಿನ ವಿರುದ್ಧ ಮೂರನೇ ಮೈಸೂರು ಯುದ್ಧಕ್ಕೆ ಸೈನ್ಯ ನಡೆದ ದಾರಿ ಹಿಡಿದೇ ದಕ್ಷಿಣ ನೋಡಿದವರು. ಆ ಚಿತ್ರಗಳು ಅಚ್ಚಾದ ಮೇಲೆ ಇಂಗ್ಲೆಂಡಿನ ಶ್ರೀಮಂತರಿಗೆ ಗುಮ್ಮಟದ ಗೀಳು ಹಿಡಿಯಿತು. ನ್ಯಾಶ್ 1815ರಿಂದ 1822ರ ತನಕ ಆ ಗೀಳನ್ನೇ ಎರಕದ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದ. ತಮಾಷೆ ಏನೆಂದರೆ, ಇಂಗ್ಲಿಷರ ಇದೇ ಕಲ್ಪನೆಯ ಹಿಂದೂಸ್ತಾನ ಸುತ್ತು ಹೊಡೆದು ನಮ್ಮಲ್ಲಿಗೇ ವಾಪಸ್ ಬಂತು. ಮೈಸೂರಿನ ಈಗಿನ ಅರಮನೆ ಹೆನ್ರಿ ಅರ್ವಿನ್ ಮಾಡಿದ್ದು, ಮುಗಿದಿದ್ದು 1912ರಲ್ಲಿ. ಸೋಮು ಅವರ ಮಾವನಿಗೆ ಪೆವಿಲಿಯನ್ ಪರಿಚಿತ ಅನ್ನಿಸಿದ್ದು ಸುಮ್ಮನೆ ಅಲ್ಲ.

ತಿಂಡಿಪೋತ
ಗುರು, ಅಡುಗೆಮನೆ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ! ಪೆವಿಲಿಯನ್ ಅಡುಗೆಮನೆ ಕಂಬಗಳ ತುದೀಲಿ ತಾಳೆಗರಿ ಇದೆ. ಪ್ಯಾರಿಸ್ಸಿನಿಂದ ಕರೆಮ್ ಅನ್ನೋ ಬಾಣಸಿಗನನ್ನ ಕರೆಸಿದ್ದ. 1817ರ ಜನವರೀಲಿ ರಷ್ಯಾದ ರಾಜಕುಮಾರ ನಿಕೊಲಸ್ ಬಂದಾಗ ಒಂದೇ ರಾತ್ರಿ ನೂರಕ್ಕೂ ಮೇಲೆ ಬಗೆ. ನಮ್ಮ ಮದುವೆ ಎಲೆ ತುದಿ ಎಲ್ಲಿ ಸಾಲತ್ತೆ? ಆದ್ರೂ ಬಾಣಸಿಗ ಹೆಚ್ಚು ದಿನ ನಿಲ್ಲಲಿಲ್ಲ, ಇಂಗ್ಲೆಂಡ್ ಹಿಡಿಸದೆ ವಾಪಸ್ ಹೋದ.

1811ರ ಜೂನ್ 19ರ ಔತಣ ಇನ್ನೂ ಮಜಾ. ಕಾರ್ಲ್‌ಟನ್ ಹೌಸ್‌ನಲ್ಲಿ ಎರಡು ಸಾವಿರ ಜನ, 200 ಅಡಿ ಉದ್ದದ ಟೇಬಲ್, ಟೇಬಲ್ ಮಧ್ಯೆ ನೀರಿನ ಕಾಲುವೆ, ಅದರಲ್ಲಿ ಜೀವಂತ ಮೀನು! ಸಾಯೋ ವರ್ಷ, ಅಂದ್ರೆ 1830ರ ಏಪ್ರಿಲ್‌ನಲ್ಲಿ, ಪ್ರಧಾನಿ ವೆಲಿಂಗ್ಟನ್ ಕಂಡ ಬೆಳಗಿನ ತಿಂಡಿ: ಎರಡು ಪಾರಿವಾಳ, ಮೂರು ತುಂಡು ದನದ ಮಾಂಸ, ಮುಕ್ಕಾಲು ಬಾಟ್ಲಿ ಮೊಸೆಲ್ ವೈನು, ಒಂದು ಗ್ಲಾಸ್ ಶಾಂಪೇನು, ಎರಡು ಗ್ಲಾಸ್ ಪೋರ್ಟು, ಒಂದು ಗ್ಲಾಸ್ ಬ್ರಾಂಡಿ. ತಿಂಡಿ ಇದು! ಮೇಲಿಂದ ಅಫೀಮಿನ ದ್ರಾವಣ. ಸೊಂಟ 50 ಇಂಚಿಗೆ ಬಂದಿತ್ತು, ಬಿಗಿ ಪಟ್ಟಿ ಕಟ್ಕೊಂಡು ಓಡಾಡ್ತಿದ್ದ.

ಕುಡ್ಲದ_ಹೈದ
ನಾನು ಮೊದಲು ತಪ್ಪಿದ್ದಕ್ಕೆ ಸ್ವಲ್ಪ ಓದಿಕೊಂಡು ಬಂದೆ. ದಪ್ಪ ಅಂತ ಹೇಳಿದವರ ಗತಿ ಏನಾಯ್ತು ಗೊತ್ತುಂಟಾ? ಲೀ ಹಂಟ್ ಅಂತ ಒಬ್ಬ ಪತ್ರಕರ್ತ 1812ರಲ್ಲಿ, ಪತ್ರಿಕೆಯವರು ಸುಂದರಾಂಗ ಅಂತ ಹೊಗಳುವ ಈ ಮನುಷ್ಯ ಐವತ್ತರ ಬೊಜ್ಜಿನವ, ಮಾತು ಉಳಿಸಿಕೊಳ್ಳದವ, ತಲೆವರೆಗೆ ಸಾಲ ಅಂತ ಬರೆದ. ಅವನಿಗೂ ಅಣ್ಣನಿಗೂ ಎರಡೆರಡು ವರ್ಷ ಜೈಲು, ತಲಾ 500 ಪೌಂಡು ದಂಡ. ಆದರೆ ವ್ಯಂಗ್ಯಚಿತ್ರ ಬರೆಯುವ ಜಾರ್ಜ್ ಕ್ರುಕ್‌ಶ್ಯಾಂಕ್‌ಗೆ 1820ರಲ್ಲಿ ಕೈಗೆ 100 ಪೌಂಡು ಕೊಟ್ಟು, ರಾಜನನ್ನು ಅಸಭ್ಯವಾಗಿ ಚಿತ್ರಿಸುವುದಿಲ್ಲ ಅಂತ ಬರೆಸಿಕೊಂಡರು. ಬರೆದವನಿಗೆ ಬೇಡಿ, ಚಿತ್ರ ಬಿಡಿಸಿದವನಿಗೆ ಕಾಸು. ಎಂಥದು ಮಾರಾಯ್ರೆ ಇದು.

ರೊಟ್ಟಿಬುತ್ತಿ
ಪಟ್ಟಾಭಿಷೇಕದ್ದ ಹೇಳ್ತೀನಿ ಕೇಳ್ರಿ, ಹೊಟ್ಟಿ ಉರೀತದ. 1820ರಾಗ ಇಂವ ರಾಜ ಆದ ಕೂಡಲೇ ಕ್ಯಾರೊಲಿನ್, ನಾನೂ ರಾಣಿ ಅಂತ ಪರದೇಶದಿಂದ ತಿರುಗಿ ಬಂದ್ಳು. ಆಕೀನ್ನ ಓಡಸಾಕ ಮ್ಯಾಲ್ಮನಿ ಒಳಗ ಮಸೂದೆ ತಂದ್ರು. ಇಟಲಿ ಆಳಿನ ಕೂಡ ಸಂಬಂಧ ಐತಿ ಅಂತ ಆರೋಪ, ಹಾಸಗಿ ಸುದ್ದೀನೂ ಬಿಡದಂಗ ಸಾಕ್ಷಿ. ನೂರೆಂಟು ಹೆಂಗಸರ ಕೂಡ ತಿರುಗಿದ ಗಂಡ ಹೆಂಡತಿ ಮ್ಯಾಲೆ ಹಾಕಿದ ಕೇಸ್ ಇದು! ಬೀದಿ ಮಂದಿ ಪೂರಾ ಆಕಿ ಕಡೆ. ಕಡೀಕ ಬರೇ ಒಂಬತ್ತು ಮತದ ಅಂತರ ಉಳೀತು, ಪ್ರಧಾನಿ ಲಿವರ್‌ಪೂಲ್ ಮಸೂದೆ ವಾಪಸ್ ತಗೊಂಡ.

1821ರ ಜುಲೈ 19. ಆಕಿ ವೆಸ್ಟ್‌ಮಿನ್‌ಸ್ಟರ್ ಅಬೆ ಬಾಗಿಲಿಗೆ ಹೋಗಿ ನಿಂತ್ರ, ಟಿಕೀಟ್ ಇಲ್ಲ ಅಂತ ಒಳಗ ಬಿಡಲಿಲ್ಲ. ಬಾಗಿಲ ಕಾಯಾಕ ಕುಸ್ತಿ ಪೈಲ್ವಾನರಂಥಾ ಮುಷ್ಟಿ ಕಾಳಗದವರನ್ನ ನಿಲ್ಲಿಸಿದ್ರು. ಮೂರು ವಾರಕ್ಕ ಸತ್ತಳು. ಇಂವ ಆವಾಗ ಐರ್ಲೆಂಡಿಗೆ ಮೆರವಣಗಿ ಹೊಂಟಿದ್ದ. ಮೊದಲ ಒಬ್ಬಾಕಿ ಮಾನ ಕಳದ, ಈಕಿ ಪ್ರಾಣನ ಕಳದ. ನೀವು ಬಿಲ್ಡಿಂಗ್ ಬಿಲ್ಡಿಂಗ್ ಅಂತೀರಿ.

ಗಾರೆಕೆಲಸ
ಅಕ್ಕಾ, ಬೈಯಬೇಡಿ, ಇಲ್ಲಿ ನಿಮ್ಮ ಮಾತಿಗೆ ನನ್ನದು ಎದುರು ಮಾತಿಲ್ಲ. ಆ ಪಟ್ಟಾಭಿಷೇಕಕ್ಕೆ 2,38,000 ಪೌಂಡು ಖರ್ಚು. ಅದರಲ್ಲಿ ದೊಡ್ಡ ಪಾಲು ಸೋತ ಫ್ರಾನ್ಸ್ ಕಟ್ಟಿದ ಯುದ್ಧದಂಡದ ಹಣ. ಕಿರೀಟಕ್ಕೆ ಹಾಕಿದ ಹನ್ನೆರಡು ಸಾವಿರಕ್ಕೂ ಹೆಚ್ಚು ವಜ್ರಗಳು ಆಭರಣದಂಗಡಿಯಿಂದ ಬಾಡಿಗೆಗೆ ತಂದವು. ನಮ್ಮಲ್ಲಿ ಮದುವೆಗೆ ಬಾಡಿಗೆ ಒಡವೆ ಹಾಕಿದರೆ ಆಡಿಕೊಳ್ಳುತ್ತಾರೆ! ಹತ್ತು ವರ್ಷದ ನಂತರ ತಮ್ಮ ನಾಲ್ಕನೇ ವಿಲಿಯಂ ಪಟ್ಟಾಭಿಷೇಕ ಮಾಡಿಸಿಕೊಂಡಾಗ ಅದರ ಔತಣವನ್ನೇ ಕೈಬಿಟ್ಟ. ಆ ಪದ್ಧತಿ ಮತ್ತೆ ಶುರುವಾಗಲೇ ಇಲ್ಲ.

ಹಾಗಂತ ಎಲ್ಲ ಮಣ್ಣಾಗಲಿಲ್ಲ. ಅದೇ ಸಮಾರಂಭಕ್ಕೆ ಮಾಡಿಸಿದ ವಜ್ರದ ಪಟ್ಟಿ ಆಮೇಲೆ ರಾಣಿಯರ ತಲೆ ಮೇಲೆ ಕೂತಿತು. ಎರಡನೇ ಎಲಿಜಬೆತ್ ಅಂಚೆಚೀಟಿಯಲ್ಲಿ ತೊಟ್ಟಿದ್ದು ಅದೇ. ರೆಂಬ್ರಾಂಟ್‌ನ 'ಹಡಗು ಕಟ್ಟುವವನು ಮತ್ತು ಅವನ ಹೆಂಡತಿ' ಚಿತ್ರವನ್ನು 1811ರಲ್ಲಿ 5,000 ಗಿನಿ ಕೊಟ್ಟು ಕೊಂಡ. ಕಣ್ಣು ಮಾತ್ರ ಒಳ್ಳೆಯದಿತ್ತು.

ಹೊಸನಗರದವ
ಇಷ್ಟೊತ್ತು ಸುಮ್ಮನೆ ಓದ್ತಾ ಇದ್ದೆ. ಎಲ್ಲರೂ ಒಂದು ವಿಷಯ ಬಿಟ್ಟಿದ್ದೀರಿ. ಸಾಲ ಮಾಡಿದ ಈ ರಾಜನಿಗೆ ಪಾರ್ಲಿಮೆಂಟು ಒಂದಲ್ಲ ಎರಡಲ್ಲ ಹಲವು ಸಲ ದುಡ್ಡು ಕೊಟ್ಟು ಸಾಕಿತು. ಅವನು ಸತ್ತಿದ್ದು 1830ರ ಜೂನ್ 26. ಮುಂದಿನ ವರ್ಷ, 1831ರ ಅಕ್ಟೋಬರ್‌ನಲ್ಲಿ, ಅದೇ ದೇಶದ ಕಂಪನಿಯ ಗವರ್ನರ್ ಜನರಲ್ ಬೆಂಟಿಂಕ್ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ. ಕೊಟ್ಟ ಕಾರಣಗಳಲ್ಲಿ ಒಂದು, ದುಂದು! ದಿವಾನ್ ಪೂರ್ಣಯ್ಯ ಕೂಡಿಟ್ಟ ಬೊಕ್ಕಸ ಖಾಲಿ ಮಾಡಿದ್ದೀರಿ, ಸಾಲ ಮಾಡಿದ್ದೀರಿ, ಆಡಳಿತ ಕೆಟ್ಟಿದೆ ಅಂತ. ಆಮೇಲೆ ಐವತ್ತು ವರ್ಷ ಕಮಿಷನರುಗಳದೇ ಆಳ್ವಿಕೆ, ರಾಜ್ಯ ಒಡೆಯರ ಮನೆಗೆ ವಾಪಸ್ ಬಂದಿದ್ದು 1881ರಲ್ಲಿ. ಕಾಲ ಕೂಡ ನೋಡಿ: ಇಲ್ಲಿ ಪೂರ್ಣಯ್ಯ ಅಧಿಕಾರ ಬಿಟ್ಟು ಮುಮ್ಮಡಿಯವರು ಸ್ವತಃ ಆಳಲು ಕೂತಿದ್ದು, ಅಲ್ಲಿ ಈ ಜಾರ್ಜ್ ರೀಜೆಂಟ್ ಆಗಿದ್ದು, ಎರಡೂ 1810-11ರ ಆಸುಪಾಸು.

ಕುಡ್ಲದ_ಹೈದ
ಅಬ್ಬಾ. ಅಂದರೆ ಅಲ್ಲಿ ದುಂದು ಮಾಡಿದರೆ ಸಾಲ ಮನ್ನಾ, ಇಲ್ಲಿ ಮಾಡಿದರೆ ರಾಜ್ಯ ಜಪ್ತಿ!

ಹಳೇಪುಸ್ತಕ
ಹೋಲಿಕೆ ಚೆನ್ನಾಗಿದೆ, ಆದರೆ ಅಷ್ಟು ಸರಳ ಅಲ್ಲ. 1799ರ ಒಪ್ಪಂದದಲ್ಲೇ ಮೈಸೂರು ವರ್ಷಕ್ಕೆ ಏಳು ಲಕ್ಷ ಪಗೋಡ ನಾಣ್ಯ ಕಂಪನಿಗೆ ಕಟ್ಟಬೇಕಿತ್ತು. ಆ ಹಣಕ್ಕೆ ಕುತ್ತು ಬಂತು ಅನ್ನಿಸಿದರೆ ಆಡಳಿತಕ್ಕೆ ಕೈ ಹಾಕುವ ಹಕ್ಕನ್ನು ಅವರು ಮೊದಲೇ ಬರೆಸಿಕೊಂಡಿದ್ದರು. ಬ್ರಿಟನ್ನಿನ ರಾಜ ಯಾರಿಗೂ ಕಪ್ಪ ಕಟ್ಟಬೇಕಿರಲಿಲ್ಲ.

ಹೊಸನಗರದವ
ಅದೇ ಅಲ್ವಾ ನಾನು ಹೇಳ್ತಿರೋದು ಮೇಷ್ಟ್ರೇ. ಕಪ್ಪ ಕಟ್ಟಿಸಿಕೊಂಡವರೇ ಬೊಕ್ಕಸ ಖಾಲಿ ಅಂದರು. ಆದರೆ ನಾನು ನಗರ ಸೀಮೆಯವನು, ಅರಮನೆ ಪರ ವಕಾಲತ್ತು ಮಾಡೋದಿಲ್ಲ. 1830ರಲ್ಲಿ ನಮ್ಮ ಕಡೆ ರೈತರು ದಂಗೆ ಎದ್ದಿದ್ದು ಸುಳ್ಳಲ್ಲ. ಬೂದಿ ಬಸಪ್ಪ, ತರೀಕೆರೆ ರಂಗಪ್ಪ ನಾಯಕ ಸುಮ್ಮನೆ ಕತ್ತಿ ಹಿಡಿಯಲಿಲ್ಲ. ಕಂದಾಯ ಹಿಂಡುವ ಅಧಿಕಾರಿಗಳ ಕಾಟ ಹಾಗಿತ್ತು. ದೊರೆಯ ಖರ್ಚು ಕೊನೆಗೆ ಬಂದು ಬೀಳೋದು ಗದ್ದೆ ಬದುವಿನ ಮೇಲೇ. ಇಂಗ್ಲೆಂಡಿನಲ್ಲೂ ಅಷ್ಟೇ ಅಲ್ವಾ? 1819ರಲ್ಲಿ ಮ್ಯಾಂಚೆಸ್ಟರಿನ ಪೀಟರ್‌ಲೂನಲ್ಲಿ ಮತದಾನದ ಹಕ್ಕು ಕೇಳಲು ಬಂದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದರು. ಈ ಮಹಾಶಯ ಆ ಅಧಿಕಾರಿಗಳಿಗೆ ಮೆಚ್ಚುಗೆ ಹೇಳಿ ಕಳಿಸಿದ. ಅದೇ ಹೊತ್ತಿಗೆ ಬ್ರೈಟನ್‌ನಲ್ಲಿ ಸೋಮು ಅವರು ಕಂಡ ಗುಮ್ಮಟಗಳು ಏಳ್ತಾ ಇದ್ದವು.

ಗಾರೆಕೆಲಸ
ಇದಕ್ಕೆ ನಾನು ಸೋತೆ. ರೀಜೆಂಟ್ ಸ್ಟ್ರೀಟ್ ಬಗ್ಗೆ ಮಾತ್ರ ಸೋಲಲ್ಲ.

ಸಸೆಕ್ಸ್_ಸೋಮು
ಚರ್ಚೆ ಇಲ್ಲಿಗೆ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಮಾವನಿಗೆ ಮುಮ್ಮಡಿಯವರ ವಿಷಯ ಓದಿ ಹೇಳಿದೆ. ಕಾಫಿ ಲೋಟ ಕೆಳಗಿಟ್ಟು, "ದುಡ್ಡು ಕೊಟ್ಟು ಟಿಕೆಟ್ ತಗೊಂಡು ಅವನ ಮನೆ ನೋಡಿ ಬಂದ್ವಲ್ಲೋ" ಅಂದರು.

ಇನ್ನೊಂದು ವಿಷಯ. ಪೆವಿಲಿಯನ್ ಒಳಗೆ ಒಂದು ಫೋಟೊ ಇದೆ, ಆ ಡ್ರ್ಯಾಗನ್ ಗೊಂಚಲುಗಳ ಕೆಳಗೆ ಸಾಲು ಸಾಲು ಮಂಚ, ಮಂಚದ ಮೇಲೆ ನಮ್ಮ ಸಿಪಾಯಿಗಳು. ವಿಕ್ಟೋರಿಯಾ ರಾಣಿಗೆ ಈ ಅರಮನೆ ಹಿಡಿಸದೆ 1850ರಲ್ಲಿ ಊರಿನವರಿಗೆ ಮಾರಿದಳು. 1914ರ ಕೊನೆಯಿಂದ 1916ರ ಆರಂಭದ ತನಕ ಗಾಯಗೊಂಡ ಭಾರತೀಯ ಸೈನಿಕರಿಗೆ ಆಸ್ಪತ್ರೆ. ಜಾತಿ ಮತ ನೋಡಿ ಒಂಬತ್ತು ಅಡುಗೆಮನೆ ಮಾಡಿದ್ದರಂತೆ. ಅವರಲ್ಲಿ ನಮ್ಮ ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನವರೂ ಇದ್ದರಾ?

ಹಳೇಪುಸ್ತಕ
ಮೈಸೂರು ಲ್ಯಾನ್ಸರ್ಸ್ ಹೋಗಿದ್ದು ಈಜಿಪ್ಟ್, ಪ್ಯಾಲೆಸ್ಟೈನ್ ಕಡೆಗೆ. 1918ರ ಸೆಪ್ಟೆಂಬರ್ 23ರ ಹೈಫಾ ಕಾಳಗ ಅವರದು. ಬ್ರೈಟನ್‌ಗೆ ಬಂದವರು ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡವರು. ತೀರಿಕೊಂಡ ಹಿಂದೂ ಮತ್ತು ಸಿಖ್ಖರಲ್ಲಿ 53 ಮಂದಿಯನ್ನು ಊರಾಚೆ ಗುಡ್ಡದ ಮೇಲೆ ದಹನ ಮಾಡಿದರು. ಅಲ್ಲೀಗ ಬಿಳಿ ಅಮೃತಶಿಲೆಯ ಛತ್ರಿ ಇದೆ, 1921ರದು.

ತಿಂಡಿಪೋತ
ಬ್ರೈಟನ್ ಅಂದಾಗ ಶೇಖ್ ದೀನ್ ಮಹಮದ್‌ನ ಮರೆಯೋ ಹಾಗಿಲ್ಲ. ಪಾಟ್ನಾದವನು, ಸಮುದ್ರದ ದಡದಲ್ಲಿ ಹಬೆ ಸ್ನಾನದ ಮನೆ ಇಟ್ಟಿದ್ದ. ನಮ್ಮ ಚಂಪಿ ಮಾಲೀಸೇ ಅಲ್ಲಿ ಶಾಂಪೂ ಆಗಿದ್ದು. ರಾಜನ ಮೈ ತಿಕ್ಕೋ 'ಶಾಂಪೂ ವೈದ್ಯ' ಅನ್ನೋ ಬಿರುದೂ ಸಿಕ್ತು. ಆ 50 ಇಂಚಿನ ಸೊಂಟ ತಿಕ್ಕೋದು ಸಣ್ಣ ಕೆಲಸ ಅಲ್ಲ.

ರೊಟ್ಟಿಬುತ್ತಿ
ನಾ ಕೇಳಿದ್ದಕ್ಕ ಇನ್ನೂ ಪೂರಾ ಉತ್ತರ ಬರಲಿಲ್ಲ. ಮಾರಿಯಾ ಕಡೀಕ ಏನಾದ್ಳು?

ಹಳೇಪುಸ್ತಕ
ಕ್ಷಮಿಸಿ ಮೇಡಂ, ಮಾತು ಎಲ್ಲೆಲ್ಲೋ ಹೋಯಿತು. ಅವನು ಸತ್ತಾಗ 'ದಿ ಟೈಮ್ಸ್' ಪತ್ರಿಕೆ, ಈ ರಾಜನಿಗಾಗಿ ಯಾವ ಕಣ್ಣು ಅತ್ತಿತು ಅಂತ ಕೇಳಿತು. ಪತ್ರಿಕೆಯವರಿಗೆ ಗೊತ್ತಿರದಿದ್ದದ್ದು ಒಂದಿತ್ತು. ಮಾರಿಯಾಳ ಪುಟ್ಟ ಭಾವಚಿತ್ರವನ್ನು ಕೊರಳಲ್ಲಿ ಕಟ್ಟಿಕೊಂಡೇ ಅವನು ಮಣ್ಣಾದ. ಅವಳು ಮದುವೆಯ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು. ಹೊಸ ರಾಜ ನಾಲ್ಕನೇ ವಿಲಿಯಂಗೆ ತೋರಿಸಿದಾಗ ಅವನು ಅತ್ತನಂತೆ. ಡಚೆಸ್ ಪದವಿ ಕೊಡುತ್ತೇನೆ ಅಂದ. ಬೇಡ ಅಂದಳು. ವಿಧವೆಯ ಉಡುಪು ತೊಡಲು ಮಾತ್ರ ಒಪ್ಪಿಗೆ ಪಡೆದಳು. 1837ರಲ್ಲಿ ಬ್ರೈಟನ್‌ನಲ್ಲೇ ತೀರಿಕೊಂಡಳು.

ಸಸೆಕ್ಸ್_ಸೋಮು
ಸಮಾಧಿ ಇರುವ ಚರ್ಚು ಪೆವಿಲಿಯನ್‌ನಿಂದ ನಡೆದು ಹೋಗುವಷ್ಟು ದೂರ, ನಿನ್ನೆ ಅತ್ತೆಯನ್ನು ಕರೆದುಕೊಂಡು ಹೋಗಿ ನೋಡಿ ಬಂದೆ. ಗೋಡೆಯಲ್ಲಿ ಮಂಡಿಯೂರಿ ಪ್ರಾರ್ಥಿಸುವ ಹೆಂಗಸಿನ ಬಿಳಿ ಶಿಲ್ಪ. ಟಿಕೆಟ್ ಇಲ್ಲ, ಒಳಗೆ ಬೇರೆ ಯಾರೂ ಇರಲಿಲ್ಲ. ಶಿಲ್ಪದ ಬೆರಳಲ್ಲಿ ಮೂರು ಮದುವೆ ಉಂಗುರ ಇವೆ. ಅತ್ತೆ ಹತ್ತಿರ ಹೋಗಿ ಎರಡು ಸಲ ಎಣಿಸಿದರು.